ಬೆಳಗಿನ ಐದೂವರೆಗೆ ಬದಲಾದ ಹೆಸರು

ಹೋದ ತಿಂಗಳು ಹೊಸಪೇಟೆಯ ಒಂದು ಆಸ್ಪತ್ರೆಗೆ ಹೋಗಿದ್ದೆ. ನಮ್ಮ ಜೊತೆ ಕೆಲಸ ಮಾಡುವ ಡ್ರೈವರ್ ಒಬ್ಬ ಬೈಕಿನಿಂದ ಬಿದ್ದು ಮುಂಗೈ ಮುರಿದುಕೊಂಡಿದ್ದ. ಅವನ ಕೈಗೆ ಪ್ಲಾಸ್ಟರ್ ಸುತ್ತುತ್ತಿದ್ದ ಕೋಣೆಯ ಬಾಗಿಲಲ್ಲಿ ನಿಂತಾಗ ಆ ವಾಸನೆ ಮೂಗಿಗೆ ಬಡಿಯಿತು. ಸುಣ್ಣದ್ದೂ ಅಲ್ಲ, ಸಿಮೆಂಟಿನದೂ ಅಲ್ಲ. ನೀರು ಕುಡಿದು ಬಿಸಿಯಾಗುವ ಆ ಬಿಳಿ ಪುಡಿಯ ವಾಸನೆ. ಹಿಂದೆ ಸರಿದು ಹೊರಗಿನ ಬೆಂಚಿನ ಮೇಲೆ ಕುಳಿತುಬಿಟ್ಟೆ. ಜೊತೆಗೆ ಬಂದವನು, "ಯಾಕಣ್ಣ, ತಲಿ ತಿರುಗ್ತೈತೇನು?" ಎಂದ. ಇಲ್ಲ ಎಂದೆ. ಆದರೆ ಹಿಂದೊಮ್ಮೆ ಮೆಟ್ರಿಯಲ್ಲಿ, ಅಕ್ಕನ ಮನೆಯಲ್ಲಿ ನಾನು ಕಳೆದಿದ್ದ ಐದು ತಿಂಗಳು ಒಂದೇ ಉಸಿರಿಗೆ ವಾಪಸ್ಸು ಬಂದಿದ್ದವು.

ನಾನು ಸಂಡೂರಿನ ಕಡೆ ಒಂದು ಗಣಿಯ ವೇಬ್ರಿಜ್‌ನಲ್ಲಿ ಕೆಲಸ ಮಾಡುವವನು. ಅದಿರು ತುಂಬಿದ ಲಾರಿ ತೂಕದ ಹಲಗೆಯ ಮೇಲೆ ಬಂದು ನಿಲ್ಲುತ್ತದೆ, ಕ್ಯಾಬಿನ್ನಿನಲ್ಲಿ ಕುಳಿತ ನಾನು ಕಂಪ್ಯೂಟರಿನಲ್ಲಿ ತೂಕ ಹಾಕಿ ಚೀಟಿ ಕೊಡುತ್ತೇನೆ. ಆ ವರ್ಷ ಮೇ ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ ಪ್ರಿಂಟರ್ ಕೆಟ್ಟಿತ್ತು. ಕೈಯಲ್ಲಿ ಬರೆದ ಚೀಟಿಯನ್ನು ಡ್ರೈವರನಿಗೆ ಕೊಡಲೆಂದು ಕೆಳಗಿಳಿದೆ. ಮುಂದಕ್ಕೆ ಹೋಗಬೇಕಾದ ಲಾರಿ ಹಿಂದಕ್ಕೆ ಸರಿಯಿತು. ಲಾರಿಗೂ ಕ್ಯಾಬಿನ್ ಗೋಡೆಗೂ ನಡುವೆ ನನ್ನ ಎಡಗಾಲು ಸಿಕ್ಕಿಕೊಂಡಿತು. ತೊಡೆಯಲ್ಲಿ ಒಂದು ಕಡೆ, ಮೊಣಕಾಲಿನ ಕೆಳಗೆ ಎರಡು ಕಡೆ ಎಲುಬು ಮುರಿಯಿತು. ಬಳ್ಳಾರಿಯಲ್ಲಿ ಆಪರೇಷನ್ ಮಾಡಿ ತೊಡೆಯೊಳಗೆ ರಾಡ್ ಇಟ್ಟು, ಕೆಳಗೆ ಪ್ಲಾಸ್ಟರ್ ಹಾಕಿದರು. "ಮೂರು ತಿಂಗಳು ಆ ಕಾಲು ನೆಲಕ್ಕೆ ತಾಗಬಾರದು" ಎಂದರು ಡಾಕ್ಟರು. ಆಮೇಲೆ ಎಕ್ಸ್‌ರೇ ನೋಡಿ ಹೇಳುತ್ತೇವೆ ಎಂದರು.

ನಮ್ಮ ಮನೆ ಬಂಡ್ರಿಯಲ್ಲಿ. ಐದು ಮೆಟ್ಟಿಲು ಹತ್ತಬೇಕು, ಪಾಯಿಖಾನೆ ಹಿತ್ತಲಿನಾಚೆ. ಹೆಂಡತಿ ನಾಗವೇಣಿ ಅಂಗನವಾಡಿಯಲ್ಲಿ ಸಹಾಯಕಿ. ಬೆಳಿಗ್ಗೆ ಹೋದರೆ ಸಂಜೆಗೆ ಬರುವವಳು. ಮಗಳು ನಾಲ್ಕನೆಯ ಕ್ಲಾಸು. ಹಾಗಾಗಿ ನನ್ನನ್ನು ಮೆಟ್ರಿಗೆ, ಅಕ್ಕನ ಮನೆಗೆ ಒಯ್ದರು. ಅಕ್ಕ ಶಿವಮ್ಮ ನನಗಿಂತ ಎಂಟು ವರ್ಷ ದೊಡ್ಡವಳು. ಭಾವ ವೀರೇಶಪ್ಪ ಕಾಲುವೆ ನೀರಿನ ಮೂರು ಎಕರೆಯಲ್ಲಿ ಭತ್ತ ಬೆಳೆಯುವವರು. ಮಾತು ಕಡಿಮೆ. ನಾನು ಅಂಬ್ಯುಲೆನ್ಸಿನಿಂದ ಇಳಿದಾಗ ಅವರು ಹೇಳಿದ್ದು ಒಂದೇ ಮಾತು: "ಮಂಚ ಕಿಟಕಿ ಕಡೆ ಹಾಕ್ರಿ."

ಕಿಟಕಿಯೇನೋ ಇತ್ತು. ಅದರಾಚೆ ಎರಡು ಮೊಳ ದೂರದಲ್ಲಿ ಪಕ್ಕದ ಮನೆಯವರ ದನದ ಕೊಟ್ಟಿಗೆಯ ಗೋಡೆ. ಗೋಡೆಗೆ ತಟ್ಟಿದ ಸಗಣಿಯ ಕುಳ್ಳು, ನಡುವೆ ಒಂದು ಮೊಳೆ, ಮೊಳೆಗೆ ಹಳೆಯ ಹಗ್ಗ. ಕತ್ತು ಎಷ್ಟು ಹೊರಳಿಸಿದರೂ ಆಕಾಶ ಕಾಣುತ್ತಿದ್ದದ್ದು ಒಂದು ಗೇಣು. ಜೂನ್ ತಿಂಗಳ ಮೋಡ ಬಂದು ಹೋಗುವುದು ಆ ಒಂದು ಗೇಣಿನಲ್ಲೇ. ಪ್ಲಾಸ್ಟರಿನೊಳಗೆ ಕೆರೆತ ಎದ್ದರೆ ಕಸಬರಿಗೆಯ ಕಡ್ಡಿ ತೂರಿಸುತ್ತಿದ್ದೆ. ಕೆರೆಯುವ ಜಾಗಕ್ಕೆ ಅದು ಎಂದೂ ಮುಟ್ಟುತ್ತಿರಲಿಲ್ಲ. ಮೂವತ್ತಾರು ವರ್ಷದ ಗಂಡಸು ಅಕ್ಕನ ಕೈಯಲ್ಲಿ ಬೆಡ್‌ಪ್ಯಾನ್ ಕೊಟ್ಟು ಮುಖ ಗೋಡೆಗೆ ತಿರುಗಿಸುವುದು ಏನೆಂದು ಅನುಭವಿಸಿದವರಿಗೇ ಗೊತ್ತು. ನಾಚಿಕೆ ಮೊದಲ ವಾರ. ಎರಡನೆಯ ವಾರಕ್ಕೆ ಅದು ಸಿಟ್ಟಾಯಿತು. ಚಹಾ ಆರಿದೆ ಎಂದು ಒಂದು ದಿನ ಲೋಟ ಎಸೆದೆ. ಅಕ್ಕ ಅದನ್ನು ಎತ್ತಿಕೊಂಡು, "ಲೇ ಮಂಜ, ಲೋಟ ಬೇಕಾದ್ರ ನಾ ಎತ್ತಿಡ್ತೀನಿ. ಬಾಯಿ ಮಾತ್ರ ನೀನ ಹಿಡ್ಕೋ" ಎಂದು ಒಳಗೆ ಹೋದಳು. ಭಾನುವಾರ ನಾಗವೇಣಿ ಮಗಳನ್ನು ಕರೆದುಕೊಂಡು ತೋರಣಗಲ್ಲು, ದರೋಜಿ ದಾಟಿ ಮೂರು ಬಸ್ಸು ಬದಲಿಸಿ ಬರುತ್ತಿದ್ದಳು. ಬಂದವಳ ಜೊತೆ ಜಗಳವಾಡುತ್ತಿದ್ದೆ. ಸಂಜೆ ಅವಳು ಹೊರಟಾಗ ಅಳು ಬರುತ್ತಿತ್ತು.

ಅಕ್ಕನ ಮಗಳು ಅಶ್ವಿನಿ ಆಗ ಕಂಪ್ಲಿಯ ಕಾಲೇಜಿನಲ್ಲಿ ಬಿಸಿಎ ಓದುತ್ತಿದ್ದಳು. ನಾನು ದಿನವಿಡೀ ಮೊಬೈಲ್ ಎದೆಯ ಮೇಲಿಟ್ಟುಕೊಂಡು ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಬಿದ್ದಿರುವುದನ್ನು ನೋಡಿ ನೋಡಿ ಒಂದು ಸಂಜೆ ತನ್ನ ಲ್ಯಾಪ್‌ಟಾಪ್ ತಂದು ನನ್ನ ಹೊಟ್ಟೆಯ ಮೇಲಿಟ್ಟಳು.

"ಮಾಮ, ನೀವು ವೇಬ್ರಿಜ್‌ನ್ಯಾಗ ಹತ್ತು ವರ್ಷ ಕೀಬೋರ್ಡ್ ಕುಟ್ಟೀರಿ. ಆ ಸ್ಕ್ರೀನ್ ಹಿಂದ ಏನೈತಿ ಅಂತ ಒಂದಿನಾರ ನೋಡೀರೇನು?"

"ನನಗ್ಯಾಕವ್ವ ಅದೆಲ್ಲ. ಪಿಯುಸಿ ಓದಿದವ ನಾನು."

"ವೆಬ್ ಪೇಜ್ ಮಾಡೂದಕ್ಕ ಪಿಯುಸಿ ಸಾಕು. ದಿನಾ ಒಂದು ಮಾಡ್ರಿ. ಸಣ್ಣದು. ಸಂಜಿ ಆಗೂದ್ರಾಗ ಮುಗೀಬೇಕು. ಮುಗೀಲಿಲ್ಲಂದ್ರ ನೀವು ದೊಡ್ಡದು ಹಿಡದೀರಿ ಅಂತ ಅರ್ಥ."

ಅವಳೇ ಹಾಗೆ ದಿನಕ್ಕೊಂದು ಮಾಡುತ್ತೇನೆಂದು ಶುರುಮಾಡಿ ಹದಿಮೂರನೆಯ ದಿನಕ್ಕೆ ಬಿಟ್ಟವಳು ಎಂಬುದು ಆಮೇಲೆ ಗೊತ್ತಾಯಿತು. ಹಗಲು ಕಾಲೇಜಿಗೆ ಹೋಗುವಾಗ ಲ್ಯಾಪ್‌ಟಾಪ್ ನನ್ನ ಹತ್ತಿರವೇ ಬಿಟ್ಟು ಹೋಗುತ್ತಿದ್ದಳು. ಅದರ ಬ್ಯಾಟರಿ ಸತ್ತಿತ್ತು. ವೈರ್ ಚುಚ್ಚಿಕೊಂಡೇ ಇರಬೇಕು. ಕರೆಂಟ್ ಹೋದರೆ ಆ ಕ್ಷಣವೇ ಆರಿಹೋಗುತ್ತಿತ್ತು.

ಮೊದಲ ದಿನ ನನ್ನ ಹೆಸರನ್ನು ಕೆಂಪು ಅಕ್ಷರದಲ್ಲಿ ಪರದೆಯ ಮೇಲೆ ತಂದೆ. ಅಷ್ಟೇ. ಎರಡನೆಯ ದಿನ ಅದನ್ನು ನಟ್ಟನಡುವೆ ನಿಲ್ಲಿಸಲು ನೋಡಿದೆ. ಅದಕ್ಕೆ ಮೂರು ದಿನ ಬೇಕಾಯಿತು. ಒಂದು ಗುಂಡಿ, ಒತ್ತಿದಾಗಲೆಲ್ಲ ಅಂಕಿ ಒಂದು ಏರಬೇಕು: ಒಂದು ವಾರದ ಕೊನೆಗೆ ಅದು ಏರಿದಾಗ ನಾನು "ಅಕ್ಕಾ" ಎಂದು ಕೂಗಿದ ರೀತಿಗೆ ಅವಳು ಒಲೆಯ ಮೇಲಿನ ಪಾತ್ರೆ ಬಿಟ್ಟು ಓಡಿಬಂದಳು. ಕಾಲಿಗೆ ಏನೋ ಆಯಿತೆಂದುಕೊಂಡಿದ್ದಳು. "ಇಷ್ಟಕ್ಕ ಕೂಗಿದ್ಯಾ?" ಎಂದು ಬೈದಳು. ಆದರೆ ತಾನೂ ಒಮ್ಮೆ ಒತ್ತಿದಳು. ಆಮೇಲೆ ಇನ್ನೊಮ್ಮೆ.

ಅಶ್ವಿನಿಯ ಕ್ಲಾಸಿನಲ್ಲಿ ಎಲ್ಲರೂ ಹಂಪಿಯ ಮೇಲೆ ಪುಟ ಮಾಡುತ್ತಿದ್ದರಂತೆ, ಕಲ್ಲಿನ ತೇರಿನ ಫೋಟೋ ಹಾಕಿ. ನನಗೆ ಅದು ಬೇಡವಾಗಿತ್ತು. ನನಗೆ ಗೊತ್ತಿದ್ದದ್ದು ತೂಕ. ತುಂಬಿದ ಲಾರಿಯ ತೂಕ, ಖಾಲಿ ಲಾರಿಯ ತೂಕ ಹಾಕಿದರೆ ಅದಿರಿನ ತೂಕ ಹೇಳುವ ಪುಟ ಮಾಡಿದೆ. ಹತ್ತು ವರ್ಷ ನನ್ನೆದುರು ಮಿನುಗಿದ ಲೆಕ್ಕ ನನ್ನ ಕೈಯಿಂದಲೇ ಹುಟ್ಟಿದ್ದು ನೋಡಿ ಇನ್ನೊಂದು ಲಾರಿಯ ತೂಕ ಹಾಕಿದೆ. ಮಗಳಿಗೆ ಮಗ್ಗಿ ಕೇಳುವ ಪುಟ ಮಾಡಿದೆ. ತಪ್ಪು ಹೇಳಿದರೆ ಪರದೆ ಹಳದಿಯಾಗುತ್ತಿತ್ತು. ಅವಳು ಹಳದಿ ನೋಡಲೆಂದೇ ತಪ್ಪು ಹೇಳುತ್ತಿದ್ದಳು. ಇವತ್ತಿನ ತಾರೀಕು ತೋರಿಸುವ ಪುಟ ಒಂದು. ಎರಡು ತಾರೀಕುಗಳ ನಡುವೆ ಎಷ್ಟು ದಿನ ಎಂದು ಎಣಿಸುವ ಪುಟ ಇನ್ನೊಂದು. ಅದನ್ನು ಮಾಡಿದ್ದು ಪ್ಲಾಸ್ಟರ್ ತೆಗೆಯಲು ಇನ್ನೆಷ್ಟು ದಿನ ಎಂದು ನೋಡುವುದಕ್ಕೆ.

ಎಲ್ಲ ದಿನವೂ ಹೀಗಿರಲಿಲ್ಲ. ಬರೆದ ಸಾಲುಗಳಲ್ಲಿ ಎಲ್ಲೋ ಒಂದು ಬ್ರ್ಯಾಕೆಟ್ ಮುಚ್ಚುವುದು ಮರೆತಿರುತ್ತಿದ್ದೆ. ಬೆಳಗಿನಿಂದ ಸಂಜೆಯವರೆಗೆ ಬಿಳಿ ಪರದೆ. ಅದೇ ಇಪ್ಪತ್ತು ಸಾಲು ಓದುವುದು, ಕಿಟಕಿಯಾಚೆಯ ಅದೇ ಗೋಡೆ ನೋಡುವುದು, ಮತ್ತೆ ಅದೇ ಇಪ್ಪತ್ತು ಸಾಲು. ಕೊನೆಗೂ ಕಂಡುಹಿಡಿದು ಸರಿಮಾಡುವ ಹೊತ್ತಿಗೆ ಕರೆಂಟ್ ಹೋಗಿ ಬರೆದದ್ದೆಲ್ಲ ಅಳಿಸಿಹೋಗುವುದು. ಅಂಥ ದಿನ ಆ ಲ್ಯಾಪ್‌ಟಾಪನ್ನು ಗೋಡೆಗೆ ಬಡಿಯುವ ಮನಸ್ಸಾಗುತ್ತಿತ್ತು. ಬೇರೆಯವರಾಗಿದ್ದರೆ ಎದ್ದು ಒಂದು ಸುತ್ತು ಹೋಗಿಬರುತ್ತಿದ್ದರು. ನಾನು ಎಲ್ಲಿಗೆ ಹೋಗಲಿ?

ಜುಲೈ ಕೊನೆಗೆ ಕಾಲುವೆಗೆ ನೀರು ಬಿಟ್ಟರು. ಊರಿನ ದನಿಯೇ ಬದಲಾಯಿತು. ಟ್ರ್ಯಾಕ್ಟರುಗಳ ಗದ್ದಲ, ನಾಟಿಗೆ ಹೋಗುವ ಹೆಂಗಸರ ಮಾತು ಬೆಳಿಗ್ಗೆಯೇ ಬೀದಿಯಲ್ಲಿ ಕೇಳುತ್ತಿತ್ತು. ಭಾವನ ಗದ್ದೆ ಇದ್ದದ್ದು ಕಾಲುವೆಯ ಕೊನೆಯ ತುದಿಯಲ್ಲಿ. ಅಲ್ಲಿ ಒಂದು ತೂಬಿನ ಕೆಳಗೆ ಒಂಬತ್ತು ಮನೆಯವರ ಹೊಲ. ಎಲ್ಲರಿಗೂ ಒಟ್ಟಿಗೆ ನೀರು ಏರುವುದಿಲ್ಲವೆಂದು ಪಾಳಿ ಮಾಡಿಕೊಂಡಿದ್ದರು. ಬೆಳಿಗ್ಗೆ ಆರಕ್ಕೆ ಒಬ್ಬರ ಪಾಳಿ ಶುರುವಾದರೆ ಮರುದಿನ ಬೆಳಿಗ್ಗೆ ಆರಕ್ಕೆ ಮುಂದಿನವರದು. ಒಂಬತ್ತು ದಿನಕ್ಕೊಮ್ಮೆ ಒಂದು ದಿನ ನೀರು. ಪಾಳಿಯ ಪುಸ್ತಕ ತೂಬಿನ ನೀರು ಬಿಡುವ ನೀರುಗಂಟಿಯ ಹತ್ತಿರ. ಅವನಿಗೆ ದಿನಕ್ಕೆ ಇಪ್ಪತ್ತು ಫೋನು, "ಇವತ್ತು ಯಾರದು, ನಾಳೆ ಯಾರದು" ಎಂದು.

ಒಂದು ಮಧ್ಯಾಹ್ನ ಊಟ ಮುಗಿಸಿ ಭಾವ ನನ್ನ ಮಂಚದ ಪಕ್ಕ ಬಂದು ನಿಂತರು. ಎರಡು ತಿಂಗಳಲ್ಲಿ ಅವರು ತಾವಾಗಿ ಏನನ್ನೂ ಕೇಳಿದ್ದಿಲ್ಲ.

"ಮಂಜುನಾಥ, ನಿನ್ನ ಅದರಾಗ ನಮ್ಮ ಪಾಳಿ ಬರ್ತೈತೇನು?"

"ಬರ್ತೈತಿ ಭಾವ. ಒಂದಿನದ ಕೆಲಸ."

ನಿಜಕ್ಕೂ ಒಂದೇ ದಿನದಲ್ಲಿ ಮಾಡಿದೆ. ತಾರೀಕು ತೋರಿಸುವ ಪುಟದಿಂದ ಒಂದು ಸಾಲು ತೆಗೆದುಕೊಂಡೆ, ದಿನ ಎಣಿಸುವ ಪುಟದಿಂದ ಇನ್ನೊಂದು. ಮೇಲೆ ಇವತ್ತಿನ ತಾರೀಕು. ಕೆಳಗೆ ದಪ್ಪಕ್ಷರದಲ್ಲಿ "ಇಂದು ಬೆಳಿಗ್ಗೆ ಆರರಿಂದ" ಎಂದು ಬರೆದು ಪಾಳಿಯವರ ಹೆಸರು. ಅಶ್ವಿನಿ ಅದನ್ನು ಇಂಟರ್ನೆಟ್ಟಿಗೆ ಏರಿಸುವುದು ತೋರಿಸಿಕೊಟ್ಟಳು. ಭಾವ ಅದರ ಲಿಂಕನ್ನು ತೂಬಿನವರ ವಾಟ್ಸಾಪ್ ಗುಂಪಿಗೆ ಹಾಕಿದರು. ಸಂಜೆ ಯಾರೋ ಬೀದಿಯಲ್ಲಿ, "ವೀರೇಶಪ್ಪನ ಹೆಂಡ್ತಿ ತಮ್ಮ ಮಾಡ್ಯಾನಂತ, ಮಂಚದ ಮ್ಯಾಲ ಮಲಕ್ಕೊಂಡು. ಮಸ್ತ್ ಐತಿ" ಎಂದದ್ದು ಕಿಟಕಿಯಿಂದ ಕೇಳಿಸಿತು. ನೀರುಗಂಟಿಯ ಫೋನು ನಿಂತಿತು. ಅವನೂ ಬೆಳಿಗ್ಗೆ ತೂಬಿನ ಹತ್ತಿರ ಬರುವುದು ಕಡಿಮೆ ಮಾಡಿದ. ಆ ನಾಲ್ಕೈದು ದಿನ ನಾನು ಹೊಸದೇನನ್ನೂ ಮಾಡಲಿಲ್ಲ. ನನ್ನ ಪುಟವನ್ನೇ ತೆಗೆದು ತೆಗೆದು ನೋಡುತ್ತಿದ್ದೆ.

ಐದನೆಯ ದಿನ ಈರಣ್ಣನ ಪಾಳಿ ಬಂತು. ಈರಣ್ಣ ನಲವತ್ತರ ಆಸುಪಾಸಿನ ಗಟ್ಟಿ ಆಳು, ಮುಂಗೋಪಿ ಎಂದು ಹೆಸರಾದವನು. ಅವನ ದುರದೃಷ್ಟಕ್ಕೆ ಅವತ್ತು ಮೇಲೆಲ್ಲೋ ಕಾಲುವೆಯ ಏರಿ ಕುಸಿದು, ಅದನ್ನು ಸರಿಮಾಡುವವರೆಗೆ ನೀರು ನಿಲ್ಲಿಸಿದ್ದರು. ಅವನ ಪಾಳಿಯ ಅರ್ಧ ದಿನ ಒಣಗಿ ಹೋಯಿತು. ನೀರುಗಂಟಿಯನ್ನು ಕೇಳಿದ್ದಕ್ಕೆ ಅವನು, "ನೋಡೋಣ ತಡಿ, ಏನರ ಅಡ್ಜಸ್ಟ್ ಮಾಡೋಣ" ಎಂದಿದ್ದ.

ಮರುದಿನದ ಪಾಳಿ ಹನುಮಪ್ಪನದು. ಅರವತ್ತೈದು ದಾಟಿದ ಮುದುಕ. ಓದು ಬರದು, ಮೊಬೈಲು ಇಲ್ಲ. ತನ್ನ ಪಾಳಿಯನ್ನು ಬೆರಳಲ್ಲಿ ಎಣಿಸಿ ತಿಳಿದುಕೊಳ್ಳುವವನು. ಬೆಳಿಗ್ಗೆ ಆರಕ್ಕೆ ಸಲಿಕೆ ಹಿಡಿದು ತೂಬಿಗೆ ಹೋದರೆ ಈರಣ್ಣ ಜಾಗ ಬಿಡಲಿಲ್ಲ. ಮೊಬೈಲ್ ಹಿಡಿದು ತೋರಿಸಿ, "ನೋಡು, ಇವತ್ತೂ ನನ್ನ ಹೆಸರೇ ಐತಿ. ನಿನ್ನಿ ಹೋದ ನೀರು ಅಡ್ಜಸ್ಟ್ ಮಾಡ್ಯಾರ" ಎಂದನಂತೆ. ಹನುಮಪ್ಪ, "ಆ ಡಬ್ಬಿ ನನಗ್ಯಾಕ ತೋರಸ್ತಿ? ನನ್ನ ಪಾಳಿ ನನಗ ಗೊತ್ತೈತಿ" ಎಂದು ತೂಬಿಗೆ ಕೈಹಾಕಿದ. ಎಳೆದಾಟವಾಯಿತು. ಈರಣ್ಣ ಸಲಿಕೆಯ ಕಾವು ಬೀಸಿದ. ಮುದುಕನ ಬಲ ಮುಂಗೈ ಮುರಿಯಿತು.

ಹತ್ತು ಗಂಟೆಗೆ ಊರಿನ ಹಿರಿಯರು ಕಟ್ಟೆಯ ಮೇಲೆ ಸೇರಿದರು. ಈರಣ್ಣ ಅದೇ ಮಾತು ಹೇಳಿದ: ಬೆಳಿಗ್ಗೆ ಐದಕ್ಕೆ ನೋಡಿದೆ, ನನ್ನ ಹೆಸರಿತ್ತು. ಹಿರಿಯರು ಭಾವನ ಮೊಬೈಲಿನಲ್ಲಿ ಪುಟ ತೆಗೆಸಿದರು. ಹನುಮಪ್ಪನ ಹೆಸರಿತ್ತು. ಈರಣ್ಣ ತನ್ನ ಮೊಬೈಲ್ ತೆಗೆದ. ಅದರಲ್ಲೂ ಹನುಮಪ್ಪ.

ಭಾವ ಕಟ್ಟೆಯಿಂದಲೇ ನನಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರು, ಹಿಂದೆ ಜನರ ಗುಸುಗುಸು ಕೇಳುತ್ತಿತ್ತು.

"ಮಂಜುನಾಥ, ನೀ ಏನರ ಬದಲಾಸಿದ್ಯೇನು ಇವತ್ತು?"

"ಇಲ್ಲ ಭಾವ. ಕೈ ಹಚ್ಚಿಲ್ಲ."

"ಬೆಳಿಗ್ಗೆ ಈರಣ್ಣನ ಹೆಸರು ಬಂದಿರಬಹುದೇನು?"

"ಹೆಂಗ್ ಬರ್ತೈತಿ? ಅದು ಲೆಕ್ಕ ಭಾವ. ಲೆಕ್ಕ ಸುಳ್ಳು ಹೇಳಂಗಿಲ್ಲ. ಮನುಷ್ಯಾರು ಹೇಳ್ತಾರ."

ಈ ಮಾತನ್ನು ನಾನೇ ಹೇಳಿದ್ದು. ಹೇಳುವಾಗ ನನ್ನ ದನಿಯಲ್ಲಿ ಒಂದು ಗತ್ತಿತ್ತು. ಎರಡು ತಿಂಗಳಿಂದ ಎಲ್ಲದಕ್ಕೂ ಇನ್ನೊಬ್ಬರ ಕೈ ಕಾದವನನ್ನು ಊರು ಸಾಕ್ಷಿ ಕೇಳುತ್ತಿತ್ತು. ಭಾವ ಕಟ್ಟೆಯ ಮೇಲೆ, "ನಮ್ಮ ಹುಡುಗ ಮಾಡಿದ್ದು. ತಪ್ಪಿರಂಗಿಲ್ಲ" ಎಂದರಂತೆ. ಮಾತು ಮುಗಿಯಿತು. ಮುದುಕನನ್ನು ಹೊಡೆದದ್ದಲ್ಲದೆ ಸುಳ್ಳೂ ಹೇಳಿದ ಎಂದು ಈರಣ್ಣನ ಮುಂದಿನ ಪಾಳಿ ಕತ್ತರಿಸಿದರು. ಆಗತಾನೇ ನಾಟಿ ಮಾಡಿದ ಗದ್ದೆಗೆ ಹದಿನೆಂಟು ದಿನ ನೀರಿಲ್ಲ. ಆ ಆಗಸ್ಟಿನಲ್ಲಿ ಮಳೆಯೂ ಕೈಕೊಟ್ಟಿತ್ತು.

ಇದಾಗಿ ಆರು ದಿನ ಕಳೆದಿತ್ತು. ಬೆಳಗಿನ ಜಾವ ತೊಡೆಯ ರಾಡಿನ ಹತ್ತಿರ ಸೆಳೆತ ಬಂದು ಎಚ್ಚರವಾಯಿತು. ಮೊಬೈಲ್ ನೋಡಿದೆ, ಐದು ಗಂಟೆ. ಸುಮ್ಮನೆ ಬೆರಳು ಪಾಳಿಯ ಪುಟಕ್ಕೆ ಹೋಯಿತು. ಮೇಲೆ ಇವತ್ತಿನ ತಾರೀಕು ಸರಿಯಾಗಿತ್ತು. ಕೆಳಗೆ "ಇಂದು ಬೆಳಿಗ್ಗೆ ಆರರಿಂದ: ಗಾದಿಲಿಂಗಪ್ಪ."

ಗಾದಿಲಿಂಗಪ್ಪನದು ನಿನ್ನೆ. ಹಿಂದಿನ ದಿನ ಬೆಳಿಗ್ಗೆಯೇ ಅವನು ನಮ್ಮನೆ ಸಲಿಕೆ ಕೇಳಿ ಒಯ್ದಿದ್ದ. ಇವತ್ತಿನದು ದೊಡ್ಡಬಸಪ್ಪನದು ಆಗಬೇಕು. ಮುಚ್ಚಿ ಮತ್ತೆ ತೆಗೆದೆ. ಗಾದಿಲಿಂಗಪ್ಪ. ಮತ್ತೆ ತೆಗೆದೆ. ಗಾದಿಲಿಂಗಪ್ಪ. ಐದೂ ಹತ್ತು, ಐದೂ ಇಪ್ಪತ್ತು. ಕೊಟ್ಟಿಗೆಯಲ್ಲಿ ಹಾಲು ಕರೆಯುವ ಸದ್ದು ಶುರುವಾಯಿತು. ಐದೂವರೆಗೆ ಪುಟ ತೆಗೆದಾಗ ದೊಡ್ಡಬಸಪ್ಪನ ಹೆಸರು ಬಂತು.

ಅಷ್ಟು ಹೊತ್ತಿಗೆ ನನಗೆ ತಿಳಿದುಹೋಗಿತ್ತು. ಮೇಲಿನ ತಾರೀಕಿನ ಸಾಲು ನಮ್ಮ ಗಡಿಯಾರ ನೋಡುತ್ತಿತ್ತು. ಕೆಳಗೆ ದಿನ ಎಣಿಸಿ ಹೆಸರು ಆರಿಸುವ ಸಾಲು ಮಾತ್ರ ಕಂಪ್ಯೂಟರುಗಳು ಲೆಕ್ಕಕ್ಕೆ ಹಿಡಿಯುವ, ವರ್ಷವಿಡೀ ಬದಲಾಗದ ಇಂಗ್ಲೆಂಡಿನ ಗಡಿಯಾರದ ಪ್ರಕಾರ ಎಣಿಸುತ್ತಿತ್ತು. ಅದು ನಮಗಿಂತ ಐದೂವರೆ ತಾಸು ಹಿಂದೆ. ಅಲ್ಲಿ ದಿನ ಬದಲಾಗುವಾಗ ನಮ್ಮಲ್ಲಿ ಬೆಳಗಿನ ಐದೂವರೆ. ಅದಕ್ಕೆ ಮೊದಲು ಯಾರು ನೋಡಿದರೂ ನಿನ್ನೆಯವರ ಹೆಸರೇ ಕಾಣುವುದು. ನಾನು ಪುಟವನ್ನು ನೂರು ಸಲ ನೋಡಿದ್ದೆ, ನೂರು ಸಲವೂ ಹಗಲಿನಲ್ಲಿ. ಈರಣ್ಣ ನೋಡಿದ್ದು ಐದಕ್ಕೆ. ಆರಕ್ಕೆ ತೂಬಿನ ಹತ್ತಿರ ತೋರಿಸಿದ್ದೂ ಆಗ ತೆಗೆದಿಟ್ಟಿದ್ದ ಅದೇ ಪುಟ. ಅವನು ಕಂಡದ್ದನ್ನೇ ಹೇಳಿದ್ದ.

ಅಶ್ವಿನಿ ಏಳುವ ಮೊದಲೇ ಲ್ಯಾಪ್‌ಟಾಪ್ ಎಳೆದುಕೊಂಡೆ. ದಿನ ಎಣಿಸುವ ಮೊದಲು ಐದೂವರೆ ತಾಸು ಕೂಡಿಸಬೇಕು, ಅಷ್ಟೇ. ನಾಲ್ಕು ನಿಮಿಷದ ಕೆಲಸ. ಸರಿಮಾಡಿ ಮತ್ತೆ ಏರಿಸಿದೆ. ಈಗ ತಪ್ಪು ಎಲ್ಲೂ ಇರಲಿಲ್ಲ. ಇತ್ತು ಎನ್ನುವುದಕ್ಕೂ ಗುರುತು ಉಳಿದಿರಲಿಲ್ಲ, ನನ್ನೊಬ್ಬನನ್ನು ಬಿಟ್ಟು.

ಆ ದಿನದಷ್ಟು ಉದ್ದದ ದಿನವನ್ನು ನಾನು ಕಂಡಿಲ್ಲ. ಭಾವ ನನ್ನ ಮೇಲೆ ನಂಬಿಕೆಯಿಟ್ಟು ಹಿರಿಯರ ಮುಂದೆ ಮಾತು ಕೊಟ್ಟಿದ್ದರು. ನಾನು ಅವರ ಮನೆಯ ಅನ್ನ ಉಂಡು, ಅವರ ಮಂಚದ ಮೇಲೆ, ಅವರ ಹೆಂಡತಿಯ ಕೈಯಲ್ಲಿ ಸೇವೆ ಮಾಡಿಸಿಕೊಳ್ಳುತ್ತಿದ್ದವನು. ಹೇಳಿದರೆ ಅವರ ಮುಖಕ್ಕೆ ಮಸಿ. ಹೇಳದಿದ್ದರೆ ಈರಣ್ಣನ ಗದ್ದೆ. ಎದ್ದು ಎಲ್ಲಾದರೂ ಹೋಗುವಂತಿದ್ದರೆ ಹೋಗಿಬಿಡುತ್ತಿದ್ದೆನೋ ಏನೋ. ಕಿಟಕಿಯಾಚೆ ಗೋಡೆ, ಕುಳ್ಳು, ಮೊಳೆ, ಹಗ್ಗ. ಅಕ್ಕ ಊಟ ತಂದಿಟ್ಟು, "ಯಾಕ್ಲೇ, ನೋವು ಭಾಳ ಐತೇನು?" ಎಂದಳು. ಹೂಂ ಎಂದೆ. ತಿನ್ನಲಿಲ್ಲ.

ಸಂಜೆ ಅಶ್ವಿನಿಗೆ ಹೇಳಿದೆ. ಅವಳು ಹಳೆಯ ಸಾಲನ್ನೂ ಹೊಸ ಸಾಲನ್ನೂ ಎರಡು ಸಲ ಓದಿದಳು.

"ಏರಸೂಮುಂದ ನಾನೂ ನೋಡಿದ್ನಲ್ಲ ಮಾಮ. ನನಗೂ ತಿಳೀಲಿಲ್ಲ."

"ಈಗ ಸರಿ ಮಾಡೀನಿ."

"ಹಂಗಾರ ಬಿಡ್ರಿ. ಯಾರಿಗೂ ಗೊತ್ತಾಗಂಗಿಲ್ಲ." ಎರಡು ಸಾಲನ್ನೂ ಇನ್ನೊಮ್ಮೆ ನೋಡಿ ಅವಳೇ ಕೇಳಿದಳು: "ಈರಣ್ಣ ಮಾವನ ಪಾಳಿ ಯಾವಾಗ?"

"ನಾಡಿದ್ದು ಬೆಳಿಗ್ಗೆ ಆರಕ್ಕ."

ಅವಳು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿಟ್ಟು ಎದ್ದು ಹೋದಳು.

ಬರೀ ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ ಎಂದು ನನಗೆ ಗೊತ್ತಿತ್ತು. ಇಂಗ್ಲೆಂಡಿನ ಗಡಿಯಾರ ಮೆಟ್ರಿಯ ತೂಬಿನಲ್ಲಿ ಏನು ಮಾಡುತ್ತದೆ? ಈರಣ್ಣನನ್ನು ಉಳಿಸಲು ಕಥೆ ಕಟ್ಟುತ್ತಿದ್ದಾನೆ ಎಂದಾರು. ಹಾಗಾಗಿ ಆ ಸಂಜೆ ನಾನು ಸರಿಮಾಡಿದ್ದನ್ನು ಮತ್ತೆ ಕೆಡಿಸಿದೆ. ಹಳೆಯ ತಪ್ಪು ಸಾಲನ್ನೇ ಹಾಕಿ ಏರಿಸಿದೆ. ಆಮೇಲೆ ಭಾವನನ್ನು ಕರೆದೆ. ಅವರು ಆಗತಾನೇ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದರು.

"ಭಾವ, ನಾಳೆ ಬೆಳಿಗ್ಗೆ ಐದಕ್ಕ ಹಿರಿಯಾರನ್ನ ಇಲ್ಲಿಗೆ ಕರಕೊಂಡು ಬರ್ರಿ. ಈರಣ್ಣನ್ನ, ಹನುಮಪ್ಪನ್ನೂ ಕರೀರಿ."

"ಯಾಕ?"

"ತಪ್ಪು ನಂದೈತಿ. ಅವ ಸುಳ್ಳು ಹೇಳಿಲ್ಲ."

ಬೈಯುತ್ತಾರೆ ಎಂದು ಕಾದೆ. ಅವರು ಒದ್ದೆ ಕಾಲಿನಲ್ಲೇ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಮರುದಿನ ಐದಕ್ಕೆ ನನ್ನ ಮಂಚದ ಸುತ್ತ ಏಳು ಜನ ಇದ್ದರು. ಅಕ್ಕ ನನ್ನ ಮೇಲಿನ ಚಾದರ ಸರಿಮಾಡಿ, ಎಲ್ಲರಿಗೂ "ಬರ್ರಿ, ಕುಂದ್ರಿ" ಎಂದು ಚಾಪೆ ಹಾಸಿದಳು. ಯಾರೂ ಕೂರಲಿಲ್ಲ. ಹನುಮಪ್ಪ ಕೊರಳಿಗೆ ಕೈ ತೂಗುಹಾಕಿಕೊಂಡು ಬಾಗಿಲಿಗೆ ಒರಗಿದ್ದ. ಈರಣ್ಣ ಎಲ್ಲರಿಗಿಂತ ದೂರ, ಹೊಸ್ತಿಲಿನಾಚೆ ನಿಂತಿದ್ದ. ಅವನ ಗಡ್ಡ ಬೆಳೆದಿತ್ತು.

"ಎಲ್ಲಾರೂ ನಿಮ್ಮ ನಿಮ್ಮ ಮೊಬೈಲ್‌ನ್ಯಾಗ ಪುಟ ತಗೀರಿ" ಎಂದೆ. "ಇವತ್ತು ಬೆಳಿಗ್ಗೆ ಆರಕ್ಕ ಯಾರ ಪಾಳಿ?"

"ನಂದು" ಎಂದರು ಭಾವ.

"ಪುಟದಾಗ ಯಾರ ಹೆಸರೈತಿ?"

ಹಿರಿಯರೊಬ್ಬರು ಕನ್ನಡಕ ಏರಿಸಿ ಓದಿದರು: "ದೊಡ್ಡಬಸಪ್ಪ." ಇನ್ನೊಬ್ಬರದರಲ್ಲೂ ಅದೇ. ಎಲ್ಲರದರಲ್ಲೂ ಅದೇ. ಮೇಲೆ ತಾರೀಕು ಮಾತ್ರ ಇವತ್ತಿನದೇ. ಐದೂವರೆ ತನಕ ಕಾಯಿರಿ ಎಂದೆ. ಒಬ್ಬರು ಕೆಮ್ಮಿದರು. ಅಕ್ಕ ಚಹಾ ತಂದಳು, ಲೋಟಗಳು ಕೈಯಲ್ಲೇ ಆರಿದವು. ನನಗೋ, ಎಲ್ಲಿ ಈಗಲೇ ಕರೆಂಟ್ ಹೋಗಿ ನೆಟ್‌ವರ್ಕ್ ನಿಂತುಬಿಡುತ್ತದೋ ಎಂಬ ಹೆದರಿಕೆ. ಐದೂವರೆ ದಾಟಿ ಒಂದು ನಿಮಿಷವಾದ ಮೇಲೆ, "ಈಗ ಮುಚ್ಚಿ ಮತ್ತ ತಗೀರಿ" ಎಂದೆ.

"ವೀರೇಶಪ್ಪ" ಎಂದು ಓದಿದರು ಹಿರಿಯರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. "ವೀರೇಶಪ್ಪ ಅಂತೈತಿ."

ಎಲ್ಲರೂ ಈರಣ್ಣನ ಕಡೆ ತಿರುಗಿದರು. ನಾನು ಕೈಮುಗಿದು, "ಈರಣ್ಣ, ನೀ ಖರೇ ಹೇಳಿದ್ದಿ. ನಾ ನಿನ್ನ ಸುಳ್ಳ ಮಾಡಿದೆ" ಎಂದೆ.

ಅವನು ಹೊಸ್ತಿಲು ದಾಟಿ ಒಳಗೆ ಬಂದ. ನನ್ನನ್ನಲ್ಲ, ನನ್ನ ಪ್ಲಾಸ್ಟರ್ ಕಾಲನ್ನು ನೋಡುತ್ತ ಮಾತಾಡಿದ.

"ಇಷ್ಟು ದಿನ ನನ್ನ ಹೆಂಡ್ತಿನೂ ನನ್ನ ನಂಬಲಿಲ್ಲ. ನನಗ ನನ್ನ ಕಣ್ಣಿನ ಮ್ಯಾಲ ಡೌಟ್ ಬಂತು. ಐದಕ್ಕ ಎದ್ದು ನಿದ್ದಿಗಣ್ಣಾಗ ತಪ್ಪು ಓದಿದ್ನೇನೋ ಅಂತ ನಾನ ಅನ್ಕೊಂಡೆ." ಆಮೇಲೆ ಹನುಮಪ್ಪನ ಕಡೆ ಕೈಮಾಡಿ, "ಹೆಸರು ತಪ್ಪಿದ್ದು ಇವನ ಪುಟ. ಅವನ ಕೈ ಮುರದದ್ದು ನಾನು. ಅದನ್ನ ಪುಟದ ಮ್ಯಾಲ ಹಾಕಬ್ಯಾಡ್ರಿ" ಎಂದ.

ಹನುಮಪ್ಪ ಬಾಗಿಲ ಬಳಿಯಿಂದಲೇ, "ನನಗ ಆ ಗಡಿಯಾರದ್ದು ಏನೂ ತಿಳೀಲಿಲ್ಲ" ಎಂದ. "ಇವ ಸುಳ್ಳ ಅಲ್ಲ ಅಂಬೂದಷ್ಟು ತಿಳೀತು. ಅವನ ನೀರು ಅವನಿಗೆ ಬಿಡ್ರಿ. ಪೈರಿಗೆ ಯಾಕ ಸಿಟ್ಟು."

ಮರುದಿನ ಈರಣ್ಣನಿಗೆ ಪಾಳಿ ಸಿಕ್ಕಿತು. ಅದಕ್ಕೂ ಮೊದಲು ಭಾವ ತಮ್ಮ ಪಾಳಿಯ ಕೊನೆಯ ನಾಲ್ಕು ತಾಸನ್ನೂ ಅವನಿಗೇ ಬಿಟ್ಟುಕೊಟ್ಟರು ಎಂದು ಆಮೇಲೆ ಅಕ್ಕ ಹೇಳಿದಳು. ನಾನು ಪುಟವನ್ನು ತೆಗೆದುಹಾಕಿದೆ. ನೀರುಗಂಟಿ ಮತ್ತೆ ಪುಸ್ತಕ ಹಿಡಿದು ತೂಬಿಗೆ ಬರತೊಡಗಿದ. ಹನ್ನೊಂದು ದಿನ ನಾನು ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಹನ್ನೆರಡನೆಯ ದಿನ ಅಶ್ವಿನಿ ಕಾಲೇಜಿಗೆ ಹೊರಡುವಾಗ ಅದನ್ನು ಹೊಟ್ಟೆಯ ಮೇಲಿಟ್ಟು, "ಇವತ್ತಿಂದು?" ಎಂದಳು. ಬೇಡ ಎಂದೆ. ಅವಳು ವೈರ್ ಚುಚ್ಚಿ ಹೋದಳು. ಮಧ್ಯಾಹ್ನದ ಹೊತ್ತಿಗೆ ಒಂದು ಗಡಿಯಾರ ಮಾಡಿದೆ, ಪಕ್ಕಪಕ್ಕದಲ್ಲಿ ಎರಡು ಮುಖ: ಒಂದು ಇಂಗ್ಲೆಂಡಿನದು, ಒಂದು ಮೆಟ್ರಿಯದು. ಅವೆರಡರ ನಡುವಿನ ಐದೂವರೆ ತಾಸನ್ನು ಸಂಜೆಯವರೆಗೂ ನೋಡಿದೆ.

ಸೆಪ್ಟೆಂಬರಿನಲ್ಲಿ ಪ್ಲಾಸ್ಟರ್ ಬಿಚ್ಚಿದರು. ಒಳಗಿನ ಕಾಲು ಬೇರೆ ಯಾರದೋ ಎನ್ನುವಷ್ಟು ಸಣ್ಣದಾಗಿ ಬಿಳಿಚಿಕೊಂಡಿತ್ತು. ವಾಕರ್ ಹಿಡಿದು ಮೊದಲ ದಿನ ಹೊಸ್ತಿಲವರೆಗೆ, ವಾರಕ್ಕೆ ಬೀದಿಯವರೆಗೆ. ಅಕ್ಟೋಬರ್ ಮೊದಲ ವಾರದಲ್ಲಿ ಭಾವನ ಬೈಕಿನ ಹಿಂದೆ ಕಾಲು ಚಾಚಿ ಕುಳಿತು, ಎರಡು ಊರುಗೋಲು ಮಡಿಲಲ್ಲಿಟ್ಟುಕೊಂಡು ತೂಬಿನ ಹತ್ತಿರ ಹೋದೆ. ಆ ಹೊಲಗಳನ್ನು ನಾನು ನೋಡಿದ್ದು ಅದೇ ಮೊದಲು. ಅಷ್ಟು ಹಸಿರನ್ನು ಒಮ್ಮೆಲೇ ನೋಡಿ ಕಣ್ಣು ನೋಯಿತು. ಈರಣ್ಣನ ಗದ್ದೆ ಯಾವುದೆಂದು ಯಾರೂ ಹೇಳಬೇಕಿರಲಿಲ್ಲ. ಎತ್ತರದ ಒಂದು ಮೂಲೆಯಲ್ಲಿ ಪೈರು ಸತ್ತು, ಅಲ್ಲಿ ತಡವಾಗಿ ಮರುನಾಟಿ ಮಾಡಿದ್ದ ಸಸಿ ಇನ್ನೂ ಗೇಣುದ್ದ ಇತ್ತು.

ಈರಣ್ಣ ಬದುವಿನ ಮೇಲೆ ಕಳೆ ಕೀಳುತ್ತಿದ್ದ. ನನ್ನನ್ನು ನೋಡಿ ಎದ್ದು ಬಂದ.

"ಆ ಮೂಲಿ ಹ್ವಾತು" ಎಂದ. "ನೀ ಒಂದು ದಿನ ಮೊದಲ ಹೇಳಿದ್ರೂ ಹೋಗ್ತಿತ್ತು. ಅದರ ಚಿಂತಿ ಮಾಡಬ್ಯಾಡ."

ನಾನು ಊರುಗೋಲು ಸರಿಮಾಡಿಕೊಂಡೆ.

"ಪುಟ ಯಾಕ ತಗದಿ?"

"ಮತ್ತೇನಾರ ತಪ್ಪಿದ್ರ?"

"ತಪ್ಪಿದ್ರ ನೋಡಾಕ ಜನ ಬೇಕು. ನೀ ಹಗಲಿ ನೋಡಿದಿ, ಅದಕ್ಕ ಸಿಗಲಿಲ್ಲ. ನಾ ದಿನಾ ನಾಲ್ಕೂವರಿಗೆ ಏಳ್ತೀನಿ. ಹಚ್ಚು ಪುಟ. ನಾ ನೋಡಿ ಹೇಳ್ತೀನಿ."

ಆ ಸಂಜೆಯೇ ಹಚ್ಚಿದೆ. ಗುಂಪಿನಲ್ಲಿ ಮೂವರು ಮಾತ್ರ ಅದನ್ನು ತೆಗೆದು ನೋಡಿದರು. ಹನುಮಪ್ಪ ಕೊನೆಯವರೆಗೂ ಬೆರಳಲ್ಲೇ ಎಣಿಸಿದ. ಭಾವ ನೋಡುತ್ತಿದ್ದರು, ಆದರೆ ನೀರುಗಂಟಿಗೂ ಒಂದು ಫೋನ್ ಮಾಡಿ ಕೇಳುತ್ತಿದ್ದರು. ಅದನ್ನು ನನ್ನೆದುರಿಗೇ ಮಾಡುತ್ತಿದ್ದರು. ದೀಪಾವಳಿಯ ಹಿಂದಿನ ವಾರ ನಾನು ಬಂಡ್ರಿಗೆ ಹೊರಟೆ, ಡಿಸೆಂಬರಿನಲ್ಲಿ ಅದೇ ವೇಬ್ರಿಜ್ ಕ್ಯಾಬಿನ್ನಿಗೆ. ನಾನು ಕಲಿತದ್ದರಿಂದ ನನಗೆ ಬೇರೆ ಕೆಲಸವೇನೂ ಸಿಗಲಿಲ್ಲ. ನಾನು ಕೇಳಲೂ ಇಲ್ಲ.

ಪುಟ ಹಚ್ಚಿದ ಮರುದಿನ ಬೆಳಿಗ್ಗೆ ಐದಕ್ಕೆ ಸರಿಯಾಗಿ ಮೊಬೈಲ್ ಬಡಿದುಕೊಂಡಿತು. ಮೆಟ್ರಿಯಲ್ಲಿ ಇದ್ದಷ್ಟು ದಿನವೂ ಅದು ಆ ಹೊತ್ತಿಗೆ ಬಡಿದುಕೊಂಡಿತು. ನಮಸ್ಕಾರ, ಚೆನ್ನಾಗಿದ್ದೀಯಾ ಏನೂ ಇಲ್ಲ. ಈರಣ್ಣ ಒಂದು ಹೆಸರು ಹೇಳುತ್ತಿದ್ದ. ನಾನು ಮಂಚದ ಮೇಲೆ ಎದ್ದು ಕುಳಿತು, ಕತ್ತಲಲ್ಲೇ ಬೆರಳು ಮಡಿಸಿ ಒಂಬತ್ತು ಮನೆ ಎಣಿಸಿ, "ಖರೇ ಐತಿ" ಎನ್ನುತ್ತಿದ್ದೆ. ಅವನು ಫೋನ್ ಇಡುತ್ತಿದ್ದ.